ಮೋಟರ್ ಮನೆಯ ಬೀಗ

ನಮ್ಮ ಮನೆಗೆ ಬೀಗ ಹಾಕುವ ಪದ್ಧತಿ ಇರಲಿಲ್ಲ. ಹೀಗೆಂದ ಕೂಡಲೇ ‘ಆ ಕಾಲವೇ ಹಾಗಿತ್ತು ಬಿಡಿ, ಕಳ್ಳಕಾಕರ ಭಯವಿರಲಿಲ್ಲ’ ಎಂದು ಯಾರಾದರೂ ತಲೆದೂಗಿದರೆ ನನಗೆ ರೇಗುತ್ತದೆ. ಕಳ್ಳರು ಧಾರಾಳವಾಗಿದ್ದರು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕೊಬ್ಬರಿಯನ್ನು ಚೀಲ ತುಂಬಿಕೊಂಡು ಹೋಗುವವರು ನಮ್ಮ ಸೀಮೆಯಲ್ಲಿ ಎಂದೂ ಕಡಿಮೆಯಾಗಿಲ್ಲ. ನಮ್ಮ ಮನೆಗೆ ಬೀಗ ಹಾಕದಿದ್ದುದಕ್ಕೆ ಕಾರಣವೇ ಬೇರೆ. ನಾನು ಹುಟ್ಟಿದಾಗಿನಿಂದ ಹದಿಮೂರು ತುಂಬುವವರೆಗೆ ಆ ಮನೆ ಒಂದು ಗಳಿಗೆಯೂ ಖಾಲಿಯಾಗಿರಲಿಲ್ಲ. ಯಾರಾದರೊಬ್ಬರು ಒಳಗೆ ಇರಲೇಬೇಕಿತ್ತು. ಒಳಗಿರುವವರಿದ್ದ ಮೇಲೆ ಹೊರಗೆ ಬೀಗ ಹಾಕುವುದು ಹೇಗೆ?

ಅಪ್ಪ ಊರಿನ ನೀರುಗಂಟಿ. ಕಾಗದಪತ್ರದಲ್ಲಿ ಪಂಪ್ ಆಪರೇಟರ್ ಎಂದಿತ್ತು, ಆದರೆ ಊರಿನ ಬಾಯಲ್ಲಿ ಅವನು ‘ನೀರುಗಂಟಿ ಶಿವಣ್ಣ’. ತುರುವೇಕೆರೆ ರಸ್ತೆಯ ನಮ್ಮ ಸಣ್ಣ ಪೇಟೆಗೆ ಕುಡಿಯುವ ನೀರು ಬರುತ್ತಿದ್ದುದು ಕೆರೆ ಏರಿಯ ಕೆಳಗಿನ ದೊಡ್ಡ ಬಾವಿಯಿಂದ. ಬಾವಿಯ ಪಕ್ಕದಲ್ಲಿ ಮೋಟರ್ ರೂಮು, ಅದಕ್ಕೆ ಗೋಡೆ ಹಂಚಿಕೊಂಡು ನಮ್ಮ ಮನೆ, ಸುತ್ತ ಯಾರ‍್ಯಾರದೋ ತೆಂಗಿನ ತೋಟ. ಪೇಟೆ ಅಲ್ಲಿಂದ ಒಂದೂವರೆ ಮೈಲಿ. ಆ ಕಟ್ಟಡ ಕಟ್ಟಿದ ಪುಣ್ಯಾತ್ಮ ಯಾರೋ, ಮೋಟರ್ ರೂಮಿಗೆ ಹೊರಗಿನಿಂದ ಒಂದು ಕಬ್ಬಿಣದ ಬಾಗಿಲು, ನಮ್ಮ ಅಡುಗೆಮನೆಯಿಂದ ಒಂದು ಮರದ ಬಾಗಿಲು ಇಟ್ಟಿದ್ದ. ಕಬ್ಬಿಣದ್ದು ನಾನು ಹುಟ್ಟುವ ಮೊದಲೇ ತುಕ್ಕು ಹಿಡಿದು ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಹಾಗಾಗಿ ಇಡೀ ಊರಿನ ನೀರಿಗೆ ದಾರಿ ನಮ್ಮ ಒಲೆಯ ಪಕ್ಕದಲ್ಲೇ ಇತ್ತು. ಮೋಟರು ಓಡುವಾಗ ಗೂಡಿನಲ್ಲಿದ್ದ ತಟ್ಟೆಗಳು ಜರುಗಿ ಜರುಗಿ ಅಂಚಿಗೆ ಬರುತ್ತಿದ್ದವು. ಅಮ್ಮ ಎರಡೆರಡು ತಟ್ಟೆಯ ನಡುವೆ ಹಳೇ ಸೀರೆಯ ಚಿಂದಿ ಮಡಿಸಿಟ್ಟಿದ್ದಳು. ನೆಂಟರ ಮನೆಗೆ ಹೋದಾಗ ನನಗೆ ನಿದ್ದೆ ಬರುತ್ತಿರಲಿಲ್ಲ, ಅಲ್ಲಿ ನೆಲ ನಡುಗುತ್ತಿರಲಿಲ್ಲವಲ್ಲ.

ಅಡುಗೆಮನೆಯ ಬಾಗಿಲ ಮೇಲೆ ಒಂದು ಹಲಗೆ, ಹಲಗೆಗೆ ಮೂರು ಬಲ್ಬು. ದೇವರ ಪಟಕ್ಕಿಂತ ಹೆಚ್ಚು ಸಲ ನಾವು ನೋಡುತ್ತಿದ್ದುದು ಆ ಹಲಗೆಯನ್ನು. ಮೋಟರಿಗೆ ಬೇಕಾದ ಕರೆಂಟು ಮೂರು ತಂತಿಯಲ್ಲಿ ಬರಬೇಕು. ಆ ಕಾಲದಲ್ಲಿ ಅದು ಬರುತ್ತಿದ್ದುದು ದಿನಕ್ಕೆ ಕೆಲವೇ ಗಂಟೆ, ಅದೂ ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಬಂದ ಮೇಲೂ ಯಾವಾಗ ಹೋಗುತ್ತದೋ ದೇವರೇ ಬಲ್ಲ. ಬಂದ ಐದು ನಿಮಿಷದೊಳಗೆ ಮೋಟರು ಶುರುವಾದರೆ ಗುಡ್ಡದ ಮೇಲಿನ ಟ್ಯಾಂಕು ತುಂಬೀತು, ಇಲ್ಲದಿದ್ದರೆ ಒಂದು ಬೀದಿಗೆ ನೀರಿಲ್ಲ. ಅಪ್ಪನೋ ದಿನದ ಅರ್ಧ ಭಾಗ ಪೇಟೆಯಲ್ಲಿ, ಬೀದಿಬೀದಿಯ ವಾಲ್ವು ತಿರುಗಿಸುತ್ತ ಸೈಕಲ್ಲಿನ ಮೇಲಿರುತ್ತಿದ್ದ. ಆದ್ದರಿಂದ ಮೋಟರು ಶುರು ಮಾಡುವುದು ಅಮ್ಮನ ಕೆಲಸವಾಯಿತು, ಆಮೇಲೆ ನನ್ನದೂ ಆಯಿತು. ನನಗೆ ಹನ್ನೊಂದು ವರ್ಷವಾದಾಗ ಅಪ್ಪ ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಸ್ಟಾರ್ಟರಿನ ಹಿಡಿ ಕೈಗೆ ಕೊಟ್ಟ.

“ಮೂರೂ ಬಲ್ಬು ಒಂದೇ ಸಮ ಉರಿದ್ರೆ ಮಾತ್ರ ಕೈ ಹಾಕು. ಒಂದು ಮಂಕಾಗಿದ್ರೂ ಮುಟ್ಟಬ್ಯಾಡ, ಮೋಟ್ರು ಸುಟ್ಟೋಯ್ತದೆ. ಮೊದ್ಲು ಪಂಪಿಗೆ ನೀರು ತುಂಬು, ಗಾಳಿ ಹೋಗ್ಲಿ. ಹಿಡಿ ಕೆಳಗೆ ಒತ್ತು, ಹತ್ತು ಎಣಿಸು, ಮೇಲಕ್ಕೆತ್ತು. ಆಮೇಲೆ ವಾಲ್ವು ನಿಧಾನಕ್ಕೆ ಬಿಚ್ಚು. ಗೊತ್ತಾಯ್ತಾ?”

ಗೊತ್ತಾಯಿತು. ಬೇಗ ಗೊತ್ತಾಗುವುದು ನನ್ನ ಜನ್ಮದ ದೋಷ. ತಮ್ಮ ಮಂಜ ನನಗಿಂತ ಎಂಟು ವರ್ಷ ಚಿಕ್ಕವನು, ಅವನಿಗೆ ಅದೊಂದೂ ಅಂಟಲಿಲ್ಲ.

ಮೋಟರು ಓಡುವಾಗ ಮನೆಯಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಉಣ್ಣುವಾಗ ಸಾರು ಬೇಕಾದರೆ ತಟ್ಟೆ ಎತ್ತಿ ತೋರಿಸಬೇಕು, ಮುದ್ದೆ ಬೇಕಾದರೆ ಮುಷ್ಟಿ ತೋರಿಸಬೇಕು. ನಮ್ಮ ಮನೆಗೆ ಬಂದ ನೆಂಟರೊಬ್ಬರು ನಾನೂ ಅಮ್ಮನೂ ಕೈಸನ್ನೆ ಮಾಡುವುದನ್ನು ನೋಡಿ ಮಗು ಮೂಕಿಯೇನೋ ಎಂದು ಅಯ್ಯೋ ಪಾಪ ಅಂದಿದ್ದರು. ಅಪ್ಪ ಅಮ್ಮ ಜಗಳಕ್ಕೆ ನಿಂತಾಗಲೇ ಬಲ್ಬು ಹತ್ತಿದರೆ ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಅಪ್ಪ ಸ್ಟಾರ್ಟರಿನ ಕಡೆ ಓಡುವನು, ಅಮ್ಮ ಪಂಪಿಗೆ ನೀರು ತುಂಬುವಳು. ನಾಲ್ಕು ಗಂಟೆ ಬಿಟ್ಟು ಮೋಟರು ನಿಂತ ಮೇಲೆ ಅಮ್ಮ ಬಿಟ್ಟ ಜಾಗದಿಂದಲೇ ಮತ್ತೆ ಶುರು ಮಾಡುತ್ತಿದ್ದಳು. ಅಪ್ಪನಿಗೆ ಆಗ ನಿದ್ದೆ ಬಂದಿರುತ್ತಿತ್ತು.

ಅವಳ ಜಗಳದ ವಿಷಯ ಯಾವಾಗಲೂ ಒಂದೇ.

“ಊರಿಗೆ ನೀರು ಕುಡ್ಸೋಕೆ ನನ್ನೂ ಆ ಮೋಟ್ರಿನ ಜೊತೆಗೇ ಬೋಲ್ಟ್ ಹಾಕಿ ಕೂರ್ಸಿದೀರಲ್ರೀ. ಮದುವೆಯಾದಾಗಿಂದ ನಿಮ್ಮ ಜೊತೆ ಒಂದು ಬಸ್ಸು ಹತ್ತಿದೀನಾ ನಾನು?”

“ನಾನೇನ್ ಮಾಡ್ಲೇ? ಊರು ನೀರು ಕುಡೀಬೇಕಲ್ಲ.”

“ಊರಿಗೆ ಹೆಂಡ್ರು ಮಕ್ಳ ಜೊತೆ ಮದುವೆಗೋಗಾಕೆ ಪುರುಸೊತ್ತೈತೆ. ನಿಮಗಿಲ್ಲ.”

ಅವಳ ಮಾತು ಸುಳ್ಳಲ್ಲ. ಒಬ್ಬರು ಹೋದರೆ ಒಬ್ಬರು ಇರಬೇಕು, ಅದು ಮನೆಯ ಕಟ್ಟಳೆ. ಅಮ್ಮ ಹುಳಿಯಾರಿನ ತನ್ನ ತವರಿಗೆ ಹೋದರೆ ಅಪ್ಪ ರಜ ಹಾಕಿ ಬಲ್ಬಿನ ಕೆಳಗೆ ಕೂರುತ್ತಿದ್ದ. ಅಪ್ಪ ಅವನ ಅಣ್ಣನ ತಿಥಿಗೆ ಅರಳಗುಪ್ಪೆಗೆ ಹೋದಾಗ ಅಮ್ಮ ಕೂತಳು. ತಿಪಟೂರಿನ ಸ್ಟುಡಿಯೋದಲ್ಲಿ ತೆಗೆಸಿದ ನಮ್ಮ ಮನೆಯ ಫೋಟೋಗಳಲ್ಲಿ ಒಂದರಲ್ಲೂ ನಾಲ್ಕು ಜನರಿಲ್ಲ. ಅಪ್ಪ ಇರುವುದರಲ್ಲಿ ಅಮ್ಮ ಇಲ್ಲ, ಅಮ್ಮ ಇರುವುದರಲ್ಲಿ ಅಪ್ಪ ಇಲ್ಲ. ಗೊತ್ತಿಲ್ಲದವರು ನೋಡಿದರೆ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ ಅಂದುಕೊಳ್ಳಬೇಕು.

ಹಿತ್ತಲಿನ ಒಗೆಯುವ ಕಲ್ಲಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೋಟರು ಓಡುವಾಗ ಪಂಪಿನ ಕುತ್ತಿಗೆಯಿಂದ ಸ್ವಲ್ಪ ಸ್ವಲ್ಪ ನೀರು ತೊಟ್ಟಿಕ್ಕಬೇಕು, ಇಲ್ಲದಿದ್ದರೆ ಬಿಸಿಯಾಗಿ ಕೆಡುತ್ತದೆ. ಆ ತೊಟ್ಟು ನೀರನ್ನು ಅಪ್ಪ ಒಂದು ಕೊಳವೆಯಲ್ಲಿ ಹಿತ್ತಲಿಗೆ ಬಿಟ್ಟಿದ್ದ. ಅದು ಬೀಳುತ್ತಿದ್ದುದು ಕಲ್ಲಿನ ಮೇಲೆ, ಕಲ್ಲಿನಿಂದ ಹರಿದು ಕೆಸುವಿನ ಬುಡಕ್ಕೆ. ಅಮ್ಮ ಬಟ್ಟೆ ಒಗೆಯುತ್ತಿದ್ದುದು ಆ ನೀರಿನಲ್ಲೇ. ಊರಿಗೆಲ್ಲ ನೀರು ಕೊಡುವ ಮನೆಗೆ ನಲ್ಲಿ ಇರಲಿಲ್ಲ. ಆ ಸೋರಿದ ನೀರೇ ನಮ್ಮ ಪಾಲು.

ಕರೆಂಟು ಬಂದಾಗ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ನನಗೆ ಏಳು ವರ್ಷವಿದ್ದಾಗಲೇ ಗೊತ್ತಾಗಿತ್ತು. ಮನೆ ಖಾಲಿಯೇನೂ ಆಗಿರಲಿಲ್ಲ. ಅಮ್ಮನಿಗೆ ಜ್ವರ ಬಂದು ಮಂಪರಿನಲ್ಲಿ ಬಿದ್ದಿದ್ದಳು, ಬಲ್ಬು ಹತ್ತಿದ್ದು ಅವಳಿಗೆ ಕಾಣಲಿಲ್ಲ, ಅಷ್ಟೆ. ಮರುದಿನ ಕೋಟೆ ಬೀದಿಗೆ ನೀರು ಹೋಗಲಿಲ್ಲ. ಬೆಳಿಗ್ಗೆ ಆ ಬೀದಿಯ ಹೆಂಗಸರು ಒಂದೂವರೆ ಮೈಲಿ ನಡೆದು ಬಂದು ತಮ್ಮ ಖಾಲಿ ಕೊಡಗಳನ್ನು ನಮ್ಮ ಅಂಗಳದಲ್ಲಿ ಸಾಲಾಗಿ ಬೋರಲು ಹಾಕಿ ಹೋದರು. ಬೈಯಲಿಲ್ಲ. ಬೈದಿದ್ದರೆ ಅಮ್ಮ ತಿರುಗಿ ಬೈಯುತ್ತಿದ್ದಳು, ಆ ವಿದ್ಯೆ ಅವಳಿಗೆ ಚೆನ್ನಾಗಿಯೇ ಬರುತ್ತಿತ್ತು. ಸುಮ್ಮನೆ ಬೋರಲು ಹಾಕಿ ಹೋದರು. ಮನೆ ಮುಂದೆ ಖಾಲಿ ಕೊಡ ಬೋರಲು ಬಿದ್ದರೆ ಒಳ್ಳೆಯದಲ್ಲ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಮ್ಮ ಜ್ವರದಲ್ಲೇ ಎದ್ದು, ಒಂದೊಂದು ಕೊಡವನ್ನೂ ಎತ್ತಿ ನೆಟ್ಟಗೆ ನಿಲ್ಲಿಸಿ, ಬಾವಿಯಿಂದ ಸೇದಿ ಸೇದಿ ತುಂಬಿದಳು. ಸಂಜೆ ಅಪ್ಪ ಬಾಡಿಗೆ ಗಾಡಿಯಲ್ಲಿ ಹೇರಿಕೊಂಡು ಹೋಗಿ ಮನೆಮನೆಗೆ ಕೊಟ್ಟು ಬಂದ. ಆವತ್ತಿನಿಂದ ನನಗೆ ಆ ಬಲ್ಬುಗಳನ್ನು ಕಂಡರೆ ಭಯ. ಉರಿದರೂ ಭಯ, ಉರಿಯದಿದ್ದರೂ ಭಯ.

ಇನ್ನು ಬೀಗ. ಮದುವೆಯಲ್ಲಿ ಪಾತ್ರೆಪಗಡದ ಜೊತೆ ಅಜ್ಜಿ ಅಮ್ಮನಿಗೆ ಒಂದು ಹಿತ್ತಾಳೆ ಬೀಗ ಕೊಟ್ಟಿದ್ದರಂತೆ. ಕೀಲಿಕೈ ಸೊಂಟದಲ್ಲಿದ್ದರೆ ಹೆಣ್ಣಿಗೊಂದು ತೂಕ ಎಂಬುದು ಅಜ್ಜಿಯ ಲೆಕ್ಕ. ಅದು ಟ್ರಂಕಿನ ತಳದಲ್ಲಿ ಕೆಂಪು ವಸ್ತ್ರದಲ್ಲಿ ಸುತ್ತಿಕೊಂಡು ಮಲಗಿತ್ತು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಅಪ್ಪ ಮೋಟರಿಗೆ ವಿಭೂತಿ ಹಚ್ಚಿ ಚೆಂಡುಹೂವಿನ ಹಾರ ಹಾಕುವಾಗ ಅಮ್ಮ ಬೀಗವನ್ನು ಹೊರಗೆ ತೆಗೆದು, ಕೊಬ್ಬರಿ ಎಣ್ಣೆ ಬಿಟ್ಟು, ಕೀಲಿ ತಿರುಗಿಸಿ, ಟಕ್ಕೆನ್ನಿಸಿ ನೋಡಿ, ಮತ್ತೆ ಸುತ್ತಿ ಇಡುತ್ತಿದ್ದಳು. ಅಪ್ಪನ ಆಯುಧಕ್ಕೆ ಹಾರ ಬಿತ್ತು, ಅವಳ ಆಯುಧಕ್ಕೆ ಎಣ್ಣೆ ಮಾತ್ರ.

ನನಗೆ ಹದಿಮೂರಾದ ಬೇಸಿಗೆಯಲ್ಲಿ ಚಿಕ್ಕಮ್ಮನ ಮದುವೆ ಗೊತ್ತಾಯಿತು. ಅಮ್ಮ ಎತ್ತಿ ಆಡಿಸಿದ ತಂಗಿ. ಅಜ್ಜಿ ಹುಳಿಯಾರಿನಿಂದ ಹೇಳಿ ಕಳಿಸಿದರು: ನಾಲ್ಕು ಜನವೂ ಬರಬೇಕು, ಈ ಸಲ ಒಬ್ಬರನ್ನು ಬಿಟ್ಟು ಬಂದರೆ ನಾನು ಎಲೆಯ ಮುಂದೆ ಕೂರುವುದಿಲ್ಲ. ಅಮ್ಮ ಈ ಸಲ ಜಗಳವಾಡಲಿಲ್ಲ. ಮಾತೇ ಬಿಟ್ಟಳು. ಎರಡು ದಿನ ಮೋಟರು ನಿಂತಿರುವಾಗಲೂ ಮನೆಯಲ್ಲಿ ಕೈಸನ್ನೆಯೇ ನಡೆಯಿತು. ಮೂರನೆಯ ದಿನ ಅಪ್ಪ ಲೈನ್‌ಮನ್ ನಂಜಪ್ಪನನ್ನು ಮನೆಗೇ ಕರೆತಂದು ಅಮ್ಮನ ಮುಂದೆ ನಿಲ್ಲಿಸಿದ.

“ಮದುವೆ ವಾರ ನಮ್ಮ ಲೈನಿಗೆ ರಾತ್ರಿ ಪಾಳಿ ಕಣಕ್ಕ,” ಎಂದ ನಂಜಪ್ಪ. “ಹಗಲು ಹೊತ್ತು ಕರೆಂಟು ಕೊಡಾಕಿಲ್ಲ. ಬೆಳಗ್ಗೆ ಹೋಗಿ ಮುಹೂರ್ತ ಮುಗ್ಸಿ, ಉಂಡು, ದೀಪ ಹಚ್ಚೋ ಹೊತ್ಗೆ ಬಂದ್ಬುಡಿ. ಯಾವ ತಾಪತ್ರಯಾನೂ ಇಲ್ಲ.”

“ಪಾಳಿ ಬದ್ಲಾಯಿಸಿಬುಟ್ರೆ?” ಎಂದ ಅಪ್ಪ.

“ಹೇಳ್ದೆ ಕೇಳ್ದೆ ಬದ್ಲಾಯಿಸೋದು ಅಪರೂಪ ಕಣಣ್ಣ. ಸುಮ್ನೆ ಹೋಗ್ಬಾ.”

ಅಪರೂಪ ಎಂಬ ಆ ಒಂದು ಮಾತು ಅಪ್ಪನ ಕಿವಿಗೆ ಬಿದ್ದಿತ್ತು. ಅಮ್ಮನ ಕಿವಿಗೆ ಬೀಳಲಿಲ್ಲ. ಅವಳು ಆಗಲೇ ಟ್ರಂಕು ತೆಗೆದಿದ್ದಳು.

ಆ ಬೆಳಿಗ್ಗೆ ನನಗೆ ಹಸಿರು ರೇಷ್ಮೆ ಲಂಗ, ಮಂಜನಿಗೆ ಹೊಸ ಚಡ್ಡಿ. ಅಪ್ಪ ಬಿಳಿ ಅಂಗಿ ತೊಟ್ಟಿದ್ದ. ಗ್ರೀಸಿನ ಕಲೆಯಿಲ್ಲದ ಅಂಗಿಯಲ್ಲಿ ಅವನು ಯಾರದೋ ಮನೆಯ ಬೀಗನ ಹಾಗೆ ಕಂಡ. ಎಲ್ಲರೂ ಹೊರಗೆ ಬಂದೆವು. ಅಮ್ಮ ಬಾಗಿಲೆಳೆದು, ಚಿಲಕ ಹಾಕಿ, ಬೀಗ ಸಿಕ್ಕಿಸಿ ಒತ್ತಿದಳು. ಟಕ್ ಎಂದಿತು. ಒಂದು ಸಲ ಎಳೆದು ನೋಡಿದಳು, ಇನ್ನೊಂದು ಸಲ ಎಳೆದಳು. ಅವಳ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗುವಿತ್ತು. ಕೀಲಿಕೈಯನ್ನು ಸೆರಗಿನ ತುದಿಗೆ ಒಂದು ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಏರಿಯ ಮೇಲೆ ನಡೆಯುವಾಗ ಯಾರೂ ಹಿಂದೆ ತಿರುಗಿ ನೋಡಬಾರದು ಎಂದು ಅವಳೇ ಹೇಳಿದಳು. ಅಪ್ಪ ಎರಡು ಸಲ ನೋಡಿದ.

ಬಸ್ಸಿನಲ್ಲಿ ನಾಲ್ವರಿಗೂ ಸೀಟು ಸಿಕ್ಕಿತು. ಅಮ್ಮ ಕಿಟಕಿಯ ಪಕ್ಕ, ಅಪ್ಪ ಅವಳ ಪಕ್ಕ, ಮುಂದಿನ ಸೀಟಿನಲ್ಲಿ ನಾನು ಮತ್ತು ಮಂಜ. ತಿಪಟೂರಿಗೆ ಹೋಗಿ ಅಲ್ಲಿಂದ ಹುಳಿಯಾರಿನ ಬಸ್ಸು ಹಿಡಿಯಬೇಕು. ತಿಪಟೂರಿಗೆ ಮುಂಚೆ ಒಂದು ಹಳ್ಳಿಯಲ್ಲಿ ಬಸ್ಸು ನಿಂತಿತು. ನಿಲ್ದಾಣದ ಅರಳಿಕಟ್ಟೆಯ ಎದುರಿಗೇ ಹಿಟ್ಟಿನ ಗಿರಣಿ. ಜನ ಹತ್ತಿ ಇಳಿಯುತ್ತಿದ್ದರು. ಅಷ್ಟರಲ್ಲಿ ಗಿರಣಿ ಒಮ್ಮೆ ಗುರ್ರೆಂದು, ಪಟ್ಟೆ ಸರಕ್ಕೆಂದು ಸುತ್ತಿ, ಓಡತೊಡಗಿತು. ಅದು ಡೀಸೆಲ್ ಎಂಜಿನ್ನಿನ ಸದ್ದಲ್ಲ. ನಮ್ಮ ಮನೆಯ ಮಕ್ಕಳು ಹಾಲು ಕುಡಿಯುವಾಗಲೇ ಆ ವ್ಯತ್ಯಾಸ ಕಲಿತವರು. ಮೂರು ತಂತಿಯ ಕರೆಂಟು ಬಂದಿತ್ತು, ಬೆಳಿಗ್ಗೆ ಎಂಟೂವರೆ ಗಂಟೆಗೆ, ರಾತ್ರಿ ಪಾಳಿಯ ವಾರದಲ್ಲಿ.

ನಾನು ಹಿಂದೆ ತಿರುಗಿದೆ. ಅಪ್ಪ ಎದ್ದು ನಿಂತಿದ್ದ.

“ಕೂತ್ಕಳ್ರೀ,” ಎಂದಳು ಅಮ್ಮ. “ಈ ಊರಿಗೆ ಬೇರೆ ಲೈನು.”

“ಲೈನು ಬೇರೆ, ಪಾಳಿ ಒಂದೇ ಕಣೇ. ಇಲ್ಲಿ ಬದ್ಲಾಗಿದ್ರೆ ಅಲ್ಲೂ ಬದ್ಲಾಗಿರ್ತದೆ. ನಾಳೆ ಕೋಟೆ ಬೀದಿ ಸರದಿ. ಆವತ್ತೊಂದಿನ ತಪ್ಪಿದ್ದು ನೆನಪೈತಲ್ಲ ನಿಂಗೆ. ಕೀಲಿಕೈ ಕೊಡಿಲ್ಲಿ.”

ಅಮ್ಮ ಕೊಡಲಿಲ್ಲ. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕಿಟಕಿಯ ಆಚೆ ನೋಡುತ್ತ ಕೂತಳು. ಬಸ್ಸಿನ ಜನವೆಲ್ಲ ನೋಡುತ್ತಿದ್ದರು. ಅಪ್ಪ ಇಳಿದುಹೋದರೆ ಈ ಸಲವೂ ಅವಳು ಗಂಡನಿಲ್ಲದೆ ಮದುವೆಯ ಚಪ್ಪರಕ್ಕೆ ಹೋಗಬೇಕು. ಇಳಿಯದಿದ್ದರೆ ನಾಳೆ ಅಂಗಳದಲ್ಲಿ ಕೊಡಗಳು. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ಇವತ್ತಿಗೂ ಗೊತ್ತಿಲ್ಲ.

“ನಾನು ಹೋಯ್ತೀನಿ ಅಪ್ಪ. ನಂಗೆ ಬರುತ್ತಲ್ಲ.”

‘ಬೇಡ ಮಗ, ನೀನು ಕೂತ್ಕೋ’ ಎಂದು ಇಬ್ಬರಲ್ಲಿ ಒಬ್ಬರು ಅನ್ನುತ್ತಾರೆ ಎಂದುಕೊಂಡಿದ್ದೆ. ನಿಜ ಹೇಳುತ್ತೇನೆ, ಅನ್ನಲಿ ಎಂದೇ ಹೇಳಿದ್ದೆ. ಅಪ್ಪ ಅಮ್ಮನ ಮುಖ ನೋಡಿದ. ಅಮ್ಮ ಗಂಟು ಬಿಚ್ಚಿದಳು. ಎಷ್ಟು ಬೇಗ ಬಿಚ್ಚಿದಳು! ಅಪ್ಪನಿಗೆ ಕೊಡಲಾರದೆ ಹಿಡಿದುಕೊಂಡಿದ್ದ ಅದೇ ಕೀಲಿಕೈ ಅರೆಗಳಿಗೆಯಲ್ಲಿ ನನ್ನ ಅಂಗೈಯಲ್ಲಿತ್ತು, ಅವಳ ಮೈಯ ಬಿಸಿ ಇನ್ನೂ ಅದರಲ್ಲಿತ್ತು.

“ಎದುರು ಬಸ್ಸು ಈಗ ಬತ್ತದೆ. ಹೋಗಿ ನಂಜಪ್ಪನ ಹೆಂಡ್ತಿಗೆ ಹೇಳು, ಆಗಾಗ ಬಂದು ನೋಡ್ಕತಾಳೆ,” ಎಂದ ಅಪ್ಪ. ಕಂಡಕ್ಟರು ಸೀಟಿ ಊದಿದ. ಅರಳಿಕಟ್ಟೆಯ ಮೇಲೆ ರೇಷ್ಮೆ ಲಂಗ ಮಡಚಿಕೊಂಡು ಕೂತಿದ್ದ ನನ್ನನ್ನು ನೋಡಿ ಮಂಜ ಕಿಟಕಿಯಿಂದ ಕೈ ಬೀಸಿದ. ಅವನಿಗೆ ಕಿಟಕಿಯ ಸೀಟು ಸಿಕ್ಕಿದ ಸಂತೋಷ.

ಮನೆಯ ಬೀಗ ತೆಗೆದವಳು ನಾನು. ಅಮ್ಮ ಅಷ್ಟು ವರ್ಷ ಎಣ್ಣೆ ಹಾಕಿ ಕಾದ ಬೀಗ ಎರಡು ಗಂಟೆಯೂ ಬಾಗಿಲ ಮೇಲೆ ಉಳಿಯಲಿಲ್ಲ. ಒಳಗೆ ಓಡಿ ಹಲಗೆ ನೋಡಿದೆ. ಮೂರೂ ಬಲ್ಬು ಕಪ್ಪಗಿದ್ದವು. ಬಂದು ಹೋಗಿರಬಹುದೇ? ಬಂದು ಹೋಗಿದ್ದರೆ ಎಷ್ಟು ಹೊತ್ತು? ಕೇಳಲು ಯಾರೂ ಇಲ್ಲ. ಪಂಪಿಗೆ ನೀರು ತುಂಬಿ ಸಿದ್ಧ ಮಾಡಿ, ಸ್ಟೂಲಿನ ಮೇಲೆ ಕೂತೆ. ಯಾರೂ ಇಲ್ಲದಾಗ ನಮ್ಮ ಮನೆ ಹೇಗಿರುತ್ತದೆ ಎಂದು ಮೊದಲ ಸಲ ನೋಡಿದ್ದು ಆವತ್ತೇ. ಒಲೆ ತಣ್ಣಗಿತ್ತು, ಹಗ್ಗದ ಮೇಲೆ ಅಪ್ಪನ ಗ್ರೀಸಿನ ಅಂಗಿ ತೂಗುತ್ತಿತ್ತು, ತಟ್ಟೆಗಳು ಚಿಂದಿಯ ನಡುವೆ ಸುಮ್ಮನಿದ್ದವು. ಇಲಿಯ ಬೋನಿನಲ್ಲಿ ತೆಂಗಿನ ಚೂರು ಸಿಕ್ಕಿಸಿ ಇಡುತ್ತೇವಲ್ಲ, ಆ ಚೂರು ನಾನು ಅನ್ನಿಸಿತು. ನಂಜಪ್ಪನ ಹೆಂಡತಿ ಒಮ್ಮೆ ಬಂದು ಇಣುಕಿ, ಅಯ್ಯೋ ಮದುವೆಗೆ ಹೋಗ್ಲಿಲ್ವೇನೇ ಎಂದು ಮರುಗಿ ಹೋದಳು. ಮಧ್ಯಾಹ್ನ ಹಿಂದಿನ ದಿನದ ರೊಟ್ಟಿಯನ್ನು ಚಟ್ನಿಪುಡಿಯಲ್ಲಿ ತಿಂದೆ. ಈಗ ಅಲ್ಲಿ ಧಾರೆ ಆಗಿರುತ್ತದೆ, ಈಗ ಎಲೆ ಹಾಕಿರುತ್ತಾರೆ, ಈಗ ಪಾಯಸ ಬಂದಿರುತ್ತದೆ ಎಂದು ಗಡಿಯಾರ ನೋಡಿ ನೋಡಿ ನನ್ನನ್ನು ನಾನೇ ಹಿಂಸಿಸಿಕೊಂಡೆ. ಬಯಲಿಗೆ ಹೋಗಬೇಕಾದಾಗ ಓಡಿ ಹೋಗಿ ಓಡಿ ಬಂದೆ. ಲಂಗವನ್ನು ಬಿಚ್ಚಲಿಲ್ಲ. ಯಾಕೋ ಬಿಚ್ಚಿದರೆ ಮದುವೆಗೆ ಹೋಗಲಿಲ್ಲ ಎಂಬುದು ಖಾತ್ರಿಯಾಗುತ್ತದೆ ಅನ್ನಿಸಿತು. ಸಂಜೆಯಾಯಿತು. ಬಲ್ಬು ಒಂದು ಸಲವೂ ಮಿಣುಕಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮೋಟರ್ ರೂಮಿನ ಕಿಟಕಿಯಿಂದ ಏರಿಯ ಮೇಲೆ ಅವರು ಬರುವುದು ಕಂಡಿತು. ಮಂಜ ಅಪ್ಪನ ಹೆಗಲ ಮೇಲೆ ಮಲಗಿದ್ದ. ಅಮ್ಮ ಅಪ್ಪನ ಪಕ್ಕದಲ್ಲಿ ನಡೆಯುತ್ತಿದ್ದಳು. ಏನೋ ಹೇಳುತ್ತಿದ್ದಳು, ಕೈ ತಿರುಗಿಸಿ ತಿರುಗಿಸಿ ಹೇಳುತ್ತಿದ್ದಳು, ಅಪ್ಪ ನಗುತ್ತಿದ್ದ. ಅವಳೂ ನಿಂತು, ಸೊಂಟಕ್ಕೆ ಕೈ ಕೊಟ್ಟು, ತಲೆ ಹಿಂದಕ್ಕೆ ಹಾಕಿ ನಕ್ಕಳು. ಅಷ್ಟು ಜೋರಾಗಿ ಅವಳು ನಗುವುದನ್ನು ನಾನು ನೋಡಿರಲಿಲ್ಲ. ಮೋಟರಿನ ಪಕ್ಕ ಉಗುಳು ಹಚ್ಚಿ ತಿರುವಿ ತಿರುವಿ ಮೂಲೆ ಮಡಚಿಹೋದ ಲಾಗ್ ಪುಸ್ತಕ ನೇತಾಡುತ್ತಿತ್ತು. ದಿನವೂ ಮೋಟರು ಎಷ್ಟು ಹೊತ್ತು ಓಡಿತೆಂದು ಅದರಲ್ಲಿ ಬರೆಯಬೇಕು. ನಾನು ಪೆನ್ನು ತೆಗೆದುಕೊಂಡು ದುಂಡಗೆ ಬರೆದೆ: ಹತ್ತೂವರೆಯಿಂದ ಒಂದೂವರೆವರೆಗೆ.

ಅಮ್ಮನ ಸಂತೋಷ ಕೆಡಬಾರದು ಎಂದು ಬರೆದೆ ಎಂದು ಹೇಳಿಕೊಂಡರೆ ಚೆನ್ನಾಗಿರುತ್ತದೆ. ಬಹಳ ವರ್ಷ ನಾನೂ ಹಾಗೇ ಹೇಳಿಕೊಂಡೆ. ಆದರೆ ನನ್ನ ಇಡೀ ದಿನ ಬರಿದೇ ಹೋಯಿತು ಎಂಬುದನ್ನು ಅವರ ಬಾಯಿಂದ ಕೇಳಲು ನನಗೆ ಆಗುತ್ತಿರಲಿಲ್ಲ. ಅಯ್ಯೋ ಪಾಪ ಅನ್ನಿಸಿಕೊಳ್ಳಲು ನಾನು ತಯಾರಿರಲಿಲ್ಲ. ಅದು ಸೊಕ್ಕು, ತ್ಯಾಗವಲ್ಲ.

ಅಮ್ಮ ಬಾಗಿಲಲ್ಲಿ ನಿಂತು ಕೇಳಿದ ಮೊದಲ ಮಾತು:

“ಕರೆಂಟ್ ಬಂದಿತ್ತೇನೇ?”

“ಬಂದಿತ್ತು. ಮೂರು ಗಂಟೆ ಓಡಿಸ್ದೆ.”

ಅವಳ ಮುಖ ಅರಳಿತು. ನೋಡಿದ್ರಾ, ನೀವು ಹೆದರಿದ್ದೇ ಸರಿಯಾಯ್ತು ಎಂದು ಅಪ್ಪನಿಗೆ ಹೇಳಿ, ಕಾಲು ತೊಳೆಯಲು ಹಿತ್ತಲಿಗೆ ಹೋದಳು. ಅಪ್ಪ ಮಂಜನನ್ನು ಚಾಪೆಯ ಮೇಲೆ ಮಲಗಿಸಿ ಮೋಟರ್ ರೂಮಿಗೆ ಹೋದ. ಅವನದೊಂದು ಅಭ್ಯಾಸವಿತ್ತು. ಹೊರಗಿನಿಂದ ಬಂದವನು ನಮ್ಮನ್ನು ಮಾತಾಡಿಸುವ ಮೊದಲು ಮೋಟರಿನ ಮೈಮೇಲೆ ಅಂಗೈ ಇಟ್ಟು ನೋಡುತ್ತಿದ್ದ. ಎಷ್ಟು ಹೊತ್ತು ಓಡಿತ್ತು, ನಿಂತು ಎಷ್ಟು ಹೊತ್ತಾಯಿತು ಎಂದು ಅಂಗೈಯ ಬಿಸಿಯಲ್ಲೇ ಹೇಳುತ್ತಿದ್ದ. ಅದು ನನಗೆ ಮರೆತೇ ಹೋಗಿತ್ತು! ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವನ ಅಂಗೈ ಮೋಟರಿನ ಮೇಲಿತ್ತು. ಅಲ್ಲೇ ಇತ್ತು. ಆಮೇಲೆ ಪುಸ್ತಕ ನೋಡಿದ, ಆಮೇಲೆ ನನ್ನನ್ನು ನೋಡಿದ. ನನ್ನ ಲಂಗದ ಜರಿ ಅಂಚನ್ನೂ ನೋಡಿದ ಎಂದು ನೆನಪು. ಅಮ್ಮ ಕಾಲು ಒರೆಸಿಕೊಳ್ಳುತ್ತ ಒಳಗೆ ಬಂದಳು.

“ಸರಿಯಾಗಿ ಮಾಡವ್ಳೇನ್ರೀ?”

“ಹ್ಞೂ,” ಎಂದ ಅಪ್ಪ. “ಓಡ್ಸವ್ಳೆ. ಸರಿಯಾಗೇ ಓಡ್ಸವ್ಳೆ.”

ನನ್ನ ಸಾಲಿನ ಪಕ್ಕದಲ್ಲಿ ಸಹಿ ಹಾಕಿದ. ಅಜ್ಜಿ ಎಲೆಯ ಮುಂದೆ ಕೂರಲಿ ಎಂದು ಅಮ್ಮ ಅಲ್ಲಿ ನನ್ನ ಬಗ್ಗೆ ‘ಗಿರಿಜಂಗೆ ಜ್ವರ’ ಎಂದಿದ್ದಳಂತೆ. ಒಂದೇ ದಿನ ನಮ್ಮ ಮನೆಯ ಮೂವರೂ ಸುಳ್ಳು ಹೇಳಿದೆವು. ಮಂಜ ನಿದ್ದೆ ಮಾಡಿ ಬಚಾವಾದ. ಕರೆಂಟು ನಂಜಪ್ಪ ಹೇಳಿದ ಹಾಗೆ ರಾತ್ರಿಯೇ ಬಂತು, ಕೋಟೆ ಬೀದಿಗೆ ನೀರೂ ಹೋಯಿತು. ಆ ಹಳ್ಳಿಯಲ್ಲಿ ಹೊಸ ತಂತಿ ಎಳೆದು ಪರೀಕ್ಷೆಗೆಂದು ಅರ್ಧ ಗಂಟೆ ಕರೆಂಟು ಬಿಟ್ಟಿದ್ದರಂತೆ. ನಾವು ಅಲ್ಲಿ ಹಾದುಹೋಗುವ ಹೊತ್ತಿಗೇ ಬಿಡಬೇಕಿತ್ತು.

ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ನನ್ನ ಸುಳ್ಳಿಗೆ ಕಾಲು ಬಂದು ಅದು ಹೊಸ್ತಿಲಿಗೆ ಅಡ್ಡ ಕೂತಿತು. ಹುಡುಗಿ ಒಬ್ಬಳೇ ಮೂರು ಗಂಟೆ ಮೋಟರು ಓಡಿಸಿದಳು ಎಂದ ಮೇಲೆ ಇನ್ನೇನು? ಮುಂದಿನ ತಿಂಗಳು ನಾಮಕರಣವೊಂದಕ್ಕೆ ಮೂವರು ಹೊರಟರು. ಗಿರಿಜ ಅವಳೆ, ನೋಡ್ಕತಾಳೆ. ಆಮೇಲೆ ಗೃಹಪ್ರವೇಶ, ಆಮೇಲೆ ಇನ್ನೊಂದು ಮದುವೆ. ಅಮ್ಮ ಬಣ್ಣದ ಸೀರೆ ಉಟ್ಟು ಗಂಡನ ಜೊತೆ ಬಸ್ಸು ಹತ್ತಿದಳು, ಮೈಕೈ ತುಂಬಿಕೊಂಡಳು, ಜಗಳ ಬಿಟ್ಟಳು. ನಾನು ಶಾಲೆಯ ಬೇಲೂರು ಪ್ರವಾಸಕ್ಕೆ ಹೋಗಲಿಲ್ಲ, ಹತ್ತನೆಯ ತರಗತಿಯ ಗುಂಪು ಫೋಟೋದಲ್ಲಿ ಇಲ್ಲ, ನನ್ನ ಆಪ್ತ ಗೆಳತಿಯ ಮದುವೆಯ ಊಟ ಉಣ್ಣಲಿಲ್ಲ. ಆಗುವುದಿಲ್ಲ ಎಂದು ಒಂದು ಸಲ ಹೇಳಬಹುದಿತ್ತು. ಪ್ರತಿ ಸಲವೂ ನನಗೆ ಬರುತ್ತಲ್ಲ ಎಂದೇ ಬಾಯಿಗೆ ಬಂತು. ಆ ಬೀಗ ಮತ್ತೆ ಟ್ರಂಕಿನಿಂದ ಹೊರಗೆ ಬರಲಿಲ್ಲ, ಮನೆ ಮತ್ತೆ ಖಾಲಿಯಾಗಲಿಲ್ಲವಲ್ಲ. ಪೇಟೆಗೆ ಬೇರೆ ಕಡೆಯಿಂದ ನೀರು ತಂದು ಆ ಪಂಪ್‌ಹೌಸು ಮುಚ್ಚುವವರೆಗೆ, ಆರು ವರ್ಷ, ಮೂರು ಬಲ್ಬಿನ ಕೆಳಗಿನ ಸ್ಟೂಲು ನನ್ನದೇ ಆಗಿತ್ತು. ಈಗಲೂ ಯಾವ ಮನೆಯಲ್ಲಿ ಯಾವ ಕಾರ್ಯವಿದ್ದರೂ ‘ನೀವು ಹೋಗಿ ಬನ್ನಿ, ನಾನಿರ್ತೀನಿ’ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇರುತ್ತದೆ. ಜನ ನನ್ನನ್ನು ಒಳ್ಳೆಯವಳು ಅನ್ನುತ್ತಾರೆ.

ಅಪ್ಪ ಹೋದ ಮೇಲೆ ಅಮ್ಮ ನನ್ನ ಜೊತೆಗಿದ್ದಾಳೆ. ಹೋದ ವರ್ಷ ಮಂಜನ ಮಗಳ ಆರತಿ ಶಾಸ್ತ್ರಕ್ಕೆ ಹೊರಟಿದ್ದೆವು. ಆಟೋ ಕಾಯುತ್ತಿತ್ತು. ನಾನು ಬೀಗ ಹಾಕಿ, ಎಳೆದು ನೋಡಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಎಳೆದು ನೋಡಿದೆ. ಅಮ್ಮ ಗೇಟಿನ ಬಳಿ ನಿಂತು ಬೈದಳು.

“ಬಾರೇ, ಮನೆ ಎಲ್ಲೂ ಓಡೋಗಲ್ಲ.”

ಯಾಕೋ ಆ ಗಳಿಗೆಯಲ್ಲಿ ಹೇಳಿಬಿಟ್ಟೆ.

“ಚಿಕ್ಕಮ್ಮನ ಮದುವೆ ದಿನ ಮೋಟ್ರು ಓಡಿರ್ಲಿಲ್ಲ ಅಮ್ಮ. ಕರೆಂಟೇ ಬಂದಿರ್ಲಿಲ್ಲ.”

“ಗೊತ್ತು ಕಣೇ.”

“ಅಪ್ಪ ಹೇಳಿದ್ನಾ?”

“ಅವರ‍್ಯಾಕೆ ಹೇಳ್ತಾರೆ? ಕಾಲು ತೊಳ್ಯಾಕೆ ಹಿತ್ಲಿಗೆ ಹೋದೆನಲ್ಲ. ಒಗೆಯೋ ಕಲ್ಲು ಕಾದು ಬೂದಿಬಣ್ಣಕ್ಕೆ ತಿರುಗಿತ್ತು, ಕೆಸುವಿನೆಲೆ ಜೋತು ಬಿದ್ದಿತ್ತು. ಮೂರು ಗಂಟೆ ಮೋಟ್ರು ಓಡಿದ್ರೆ ಬುಡ ಒಣಗಿರ್ತಿತ್ತಾ?”

ಹಾಗಾದರೆ ಒಳಗೆ ಬಂದು ‘ಸರಿಯಾಗಿ ಮಾಡವ್ಳೇನ್ರೀ’ ಎಂದು ಕೇಳಿದ್ದು ಎಲ್ಲ ಗೊತ್ತಿದ್ದೇ. ನನಗೆ ಸಿಟ್ಟು ಬಂತು. ಅಷ್ಟು ವರ್ಷದ ಸಿಟ್ಟು ಒಟ್ಟಿಗೇ ಬಂತು.

“ಮತ್ಯಾಕೆ ಸುಮ್ನಿದ್ದೆ?”

ಅವಳು ಆಟೋದ ಕಡೆ ನೋಡಿದಳು, ರಸ್ತೆಯ ಕಡೆ ನೋಡಿದಳು. ಸುತ್ತಿ ಬಳಸಿ ಮಾತಾಡುವುದು ಅವಳಿಗೆ ಎಂದೂ ಬರಲಿಲ್ಲ.

“ಹೇಳಿದ್ರೆ ನಾನು ಮತ್ತೆ ಎಲ್ಗೂ ಹೋಗಂಗಿರ್ಲಿಲ್ಲವಲ್ಲೇ.”

ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆನೇನೋ, ಆ ವಿಚಾರವೂ ನನಗೆ ಸಮಾಧಾನ ಕೊಡಲಿಲ್ಲ. ಬೀಗದ ಬಳಿಯಿಂದ ಬಂದು ಕೀಲಿಕೈಯನ್ನು ಅವಳ ಮುಂದೆ ಹಿಡಿದೆ. ಇದು ನಿನ್ನ ಹತ್ತಿರ ಇರಲಿ ಎಂದೆ. ಅಮ್ಮ ನನ್ನ ಮುಖ ನೋಡಿ, ಕೀಲಿಕೈ ತೆಗೆದುಕೊಂಡು, ಸೆರಗಿನ ತುದಿಗೆ ಕಟ್ಟಿದಳು. ಈ ಸಲ ಎರಡು ಗಂಟು ಹಾಕಿದಳು.